ತೇವ ಹಿಡಿದ ರಟ್ಟು

“ಈ ಪೆಟ್ಟಿಗೆ ಮಾಡಿದವನು ಕೈಗೆ ಸಿಗಲಿ, ಇದರೊಳಗೇ ಕೂರಿಸಿ ಟೇಪ್ ಹಚ್ತೀನಿ.”

ಜ್ಯೂಸ್ ಬಾಟಲಿಗಳ ಶೆಲ್ಫಿನ ಮುಂದೆ ಮಂಡಿಯೂರಿ ರಟ್ಟಿನೊಂದಿಗೆ ಗುದ್ದಾಡುತ್ತಿದ್ದವನು ಗೊಣಗಿಕೊಂಡ. ಹಿಂದೆ ನಿಂತಿದ್ದವಳು ಗಂಟಲು ಸರಿಮಾಡಿಕೊಂಡಳು.

“ಮಾಡಿದವನಲ್ಲ, ಮಾಡಿದವಳು. ಟೇಪ್ ತಂದಿದೀರಾ?”

ಅವನು ಎದ್ದ. ಏಳುತ್ತಲೇ ಹೋದ... ಅಷ್ಟು ಉದ್ದ. ಅಂಗಡಿಯವರೆಲ್ಲ ಅವನನ್ನು ಜಿರಾಫೆ ಎನ್ನುವುದು ಯಾಕೆಂದು ಅವಳಿಗೆ ಆಗಲೇ ತಿಳಿಯಿತು. ಜಿರಾಫೆಯ ಕಿವಿ ಕೆಂಪಾಗಿತ್ತು.

ರಟ್ಟಿನ ಕಂಪನಿಯೊಂದರಲ್ಲಿ ಅವಳ ಕೆಲಸ ಪೆಟ್ಟಿಗೆಗಳ ವಿನ್ಯಾಸ. ಸಣ್ಣ ತೂತುಗಳ ಚುಕ್ಕಿಗೆರೆ ಹಿಡಿದು ಮುಂಭಾಗವನ್ನು ಹರಿದರೆ ಸಾಕು, ಪೆಟ್ಟಿಗೆಯನ್ನು ಹಾಗೇ ಶೆಲ್ಫಿಗೆ ತಳ್ಳಬಹುದು. ಬಾಟಲಿಗಳನ್ನು ಒಂದೊಂದಾಗಿ ಜೋಡಿಸುವ ತಾಪತ್ರಯವಿಲ್ಲ.

“ಗೆರೆ ಇನ್ನೂ ಮೆತ್ತಗಿರಲಿ, ಡಬ್ಬಿ ಮೇಡಂ,” ಎಂದ ಅವನು. “ಹೊಸಬರು ಉಗುರು ಕಿತ್ಕೊಳ್ತಾರೆ.”

ಅವಳು ಮೆತ್ತಗೆ ಮಾಡಿದಳು. ಮಾದರಿ ಹಿಡಿದು ಮತ್ತೆ ಮತ್ತೆ ಬಂದಳು. ಒಮ್ಮೆ ಅವನು ಒಂದೇ ಎಳೆತಕ್ಕೆ ಹರಿದು, ಜಾದೂಗಾರನ ಹಾಗೆ ಬಾಗಿ ನಮಸ್ಕರಿಸಿದ. ಅವಳು ನಕ್ಕಳು. ಕಾರಣವಿಲ್ಲದೆ ಆ ದಿನವಿಡೀ ನಕ್ಕಳು.

ಹೊಸ ಪೆಟ್ಟಿಗೆಗೆ ಒಪ್ಪಿಗೆ ಸಿಕ್ಕಿತು. ಪೂರ್ತಿ ಅವಳದೇ ಎನ್ನಬಹುದಾದ ಮೊದಲ ಪೆಟ್ಟಿಗೆ ಅದು. ಅದು ಅಂಗಡಿಗೆ ಬಂದ ಮೊದಲ ದಿನ ಅವಳು ಫೋಟೋ ತೆಗೆಯಲು ಹೋದಳು. ಜಿರಾಫೆ ಜ್ಯೂಸ್ ದಾಸ್ತಾನಿಡುವ ತಣ್ಣನೆ ಕೋಣೆಯಿಂದ ಪೆಟ್ಟಿಗೆ ಎತ್ತಿಕೊಂಡು ಬರುತ್ತಿದ್ದ. ನಡುದಾರಿಯಲ್ಲೇ ಮುಂಭಾಗ ಕಿತ್ತುಬಂತು. ಗಾಜು, ಜ್ಯೂಸು, ಅವನ ಅಂಗೈಯಿಂದ ರಕ್ತ...

“ನೋಡ್ಕೊಂಡು ಎತ್ತೋಕಾಗಲ್ವ?” ಮ್ಯಾನೇಜರ್ ಎಲ್ಲರೆದುರು ರೇಗಿದ.

ಅವಳು ಬಿದ್ದಿದ್ದ ರಟ್ಟಿನ ಚೂರನ್ನು ಕೈಗೆತ್ತಿಕೊಂಡಳು. ಜ್ಯೂಸು ತಾಗದ ಕಡೆಯೂ ಒದ್ದೆ ಬಟ್ಟೆಯಂತಿತ್ತು. ತಣ್ಣನೆ ಕೋಣೆಯಲ್ಲಿ ರಟ್ಟು ತೇವ ಹೀರಿತ್ತು. ಭಾರ ತಾಳುವ ಪರೀಕ್ಷೆಯನ್ನು ಅವಳು ಮಾಡಿದ್ದು ಆಫೀಸಿನಲ್ಲಿ, ಫ್ಯಾನಿನ ಕೆಳಗೆ.

*ಹೇಳು. ಈಗಲೇ ಹೇಳು.*

ಹೇಳಲಿಲ್ಲ.

ಅವನ ಕೈಗೆ ಹೊಲಿಗೆ ಬಿತ್ತು. ನೆಲಮಾಳಿಗೆಯಲ್ಲಿ ಖಾಲಿ ಪೆಟ್ಟಿಗೆ ಚಪ್ಪಟೆ ಮಾಡುವ ಕೆಲಸಕ್ಕೆ ಅವನನ್ನು ತಳ್ಳಿದರು. ಅವಳು ಫೋನ್ ಮಾಡಿದರೆ ಕಟ್ ಮಾಡುತ್ತಿದ್ದ. *ಎಲ್ಲ ಗೊತ್ತಾಗಿದೆ. ನನ್ನ ಮುಖ ನೋಡೋಕೂ ಅಸಹ್ಯ ಅವನಿಗೆ...*

“ತಟ್ಟೆ ಬಿಟ್ಟು ಗೋಡೆ ನೋಡ್ತಿದೀಯಲ್ಲ, ಗೋಡೆ ಏನಾದ್ರೂ ಹೇಳ್ತಾ?” ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತಿಗೆ ಕೇಳಿದಳು.

“ನನ್ನ ತಪ್ಪಿಗೆ ಇನ್ನೊಬ್ಬರು ಬೈಸಿಕೊಂಡ್ರು, ಅತ್ತಿಗೆ.”

“ಅದನ್ನ ನನ್ನ ಹತ್ರ ಹೇಳಿ ಏನು ಬಂತು? ಬೈದವರ ಹತ್ರ ಹೇಳು. ಮೊದಲು ಊಟ ಮಾಡು.”

ಮರುದಿನ ಬೆಳಿಗ್ಗೆ ಅವಳು ತಣ್ಣನೆ ಕೋಣೆಯಿಂದ ಒಂದು ಪೆಟ್ಟಿಗೆ ತರಿಸಿ ಮ್ಯಾನೇಜರನ ಮೇಜಿನ ಮೇಲಿಟ್ಟಳು. ಚುಕ್ಕಿಗೆರೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ಸಲೀಸಾಗಿ ಒಳಗೆ ಹೋಯಿತು.

“ತಪ್ಪು ಅವರದಲ್ಲ, ನನ್ನದು. ಎಲ್ಲ ಪೆಟ್ಟಿಗೆ ವಾಪಸ್ ಕಳಿಸಿ.”

“ನಿಮ್ಮ ಕಂಪನಿಗೆ ಗೊತ್ತಾ?”

“ಇಲ್ಲಿಂದ ನೇರ ಹೋಗಿ ಹೇಳ್ತೀನಿ.”

ನೇರ ಹೋಗಲಾಗಲಿಲ್ಲ. ಕಾಲುಗಳು ನೆಲಮಾಳಿಗೆಯ ಮೆಟ್ಟಿಲಿಳಿದವು.

ಅವನು ಹಿಮ್ಮಡಿಯಿಂದ ಪೆಟ್ಟಿಗೆಗಳನ್ನು ತುಳಿಯುತ್ತಿದ್ದ. ಅವಳನ್ನು ಕಂಡು ಬ್ಯಾಂಡೇಜಿನ ಕೈಯನ್ನು ಬೆನ್ನ ಹಿಂದೆ ಮರೆಸಿದ.

“ಫೋನ್ ಯಾಕೆ ಎತ್ತಲಿಲ್ಲ?”

“ಯಾವ ಮುಖ ಇಟ್ಕೊಂಡು ಎತ್ತಲಿ? ನಿಮ್ಮ ಮೊದಲ ಪೆಟ್ಟಿಗೆ ಕೆಡಿಸಿದೆ. ತಳಕ್ಕೆ ಕೈ ಕೊಡಬೇಕಿತ್ತು, ಕೊಡಲಿಲ್ಲ.” ಅವನು ನೆಲ ನೋಡಿದ. “ಎದುರಿಗೆ ನೀವಿದ್ರಿ. ನಿಮ್ಮನ್ನೇ ನೋಡ್ತಿದ್ದೆ.”

ಅವಳ ಕಣ್ಣು ತುಂಬಿತು. ಈ ಮಾತು ಕೇಳಲು ಅವಳು ಎಷ್ಟು ಕಾದಿದ್ದಳು... ಈಗ ಅದನ್ನು ಪಡೆಯುವ ಯೋಗ್ಯತೆಯೇ ತನಗಿಲ್ಲವೆನಿಸಿತು.

“ಹೇಗೆ ಎತ್ತಿದ್ರೂ ಬೀಳ್ತಿತ್ತು. ರಟ್ಟು ತೇವ ಹಿಡಿದಿತ್ತು. ನನಗೆ ಅವತ್ತೇ ಗೊತ್ತಾಗಿತ್ತು. ಬಾಯಿ ಬಿಡಲಿಲ್ಲ.”

“ಅವತ್ತೇ?”

“ಅವತ್ತೇ.”

ಅವನು ಇನ್ನೊಂದು ಪೆಟ್ಟಿಗೆಯನ್ನು ತುಳಿದ. ಅಗತ್ಯಕ್ಕಿಂತ ಜೋರಾಗಿ.

“ಮ್ಯಾನೇಜರ್‌ಗೆ?”

“ಈಗ ತಾನೆ ಹೇಳಿ ಬಂದೆ.”

“ನನಗಿಂತ ಮೊದಲು ಅವರಿಗಾ?”

“ನಿಮಗೆ ಮೊದಲು ಹೇಳಿದ್ರೆ, ಪರವಾಗಿಲ್ಲ ಬಿಡಿ ಅಂತಿದ್ರಿ. ನಾನೂ ಬಿಟ್ಟುಬಿಡ್ತಿದ್ದೆ.”

ಅವನು ಚಪ್ಪಟೆಯಾದ ಪೆಟ್ಟಿಗೆಯನ್ನು ಕಾಲಿನಿಂದ ಬದಿಗೆ ತಳ್ಳಿದ. ಆಮೇಲೆ ರಟ್ಟಿನ ರಾಶಿಯ ಮೇಲೆ ಕುಳಿತು, ಪಕ್ಕಕ್ಕೆ ಸರಿದು ಜಾಗ ಮಾಡಿದ.

“ನಂಗೆ ಕೋಪ ಬಂದಿದೆ.”

“ಬರಲಿ.”

“ಬೇಗ ಹೋಗಲ್ಲ ಇದು.”

ಅವಳು ಪಕ್ಕದಲ್ಲಿ ಕುಳಿತಳು. ಬ್ಯಾಂಡೇಜಿನ ಕೈಯನ್ನು ಮೆಲ್ಲಗೆ ತನ್ನ ಮಡಿಲಿಗೆ ತೆಗೆದುಕೊಂಡಳು.

“ನಾನೂ ಹೋಗಲ್ಲ.”