ಪೂರ್ತಿ ವಾಸಿಯಾದ ಹುಡುಗಿ

ಕಟಿಂಗ್ ಮಾಸ್ಟರನ ಅಕ್ಕ ಹುಡುಗಿ ನೋಡಲು ಟೈಲರ್ ಅಂಗಡಿಗೇ ಬಂದಳು, ಮಿಕ್ಸಿ ಕೊಳ್ಳಲು ಬಂದವಳ ಹಾಗೆ. ಮುಖ ನೋಡಲಿಲ್ಲ, ಹೊಲಿಗೆ ನೋಡಲಿಲ್ಲ. ನೇರವಾಗಿ, ಅಲ್ಲೇ ಹೊಲಿಯುತ್ತ ಕೂತಿದ್ದ ಹುಡುಗಿಯ ಕೈ ನೋಡಿದಳು, ತೊಳೆದು ತೊಳೆದು ಸವೆದಿದೆಯೋ ಎಂಬಂತೆ.

"ನಿನ್ನ ಕಾಯಿಲೆ ಪೂರ್ತಿ ವಾಸಿ ಆಯ್ತಂತಲ್ಲಮ್ಮ, ತಮ್ಮ ಹೇಳ್ದ. ನಂಗೂ ಸ್ವಲ್ಪ ಓಸಿಡಿ, ಅದೇ ಆ ಗೀಳು ಕಾಯಿಲೆ, ಇದೆ. ಅಡುಗೆಮನೆ ಕ್ಲೀನ್ ಇಲ್ದಿದ್ರೆ ನಿದ್ದೆನೇ ಬರಲ್ಲ."

ಇವಳಿಗೂ ಇದೆಯಂತೆ! ಮಗುವಿನ ಫ್ರಾಕಿನಲ್ಲಿ ಗುಂಡುಪಿನ್ನು ಉಳಿದಿದ್ದರೆ ಎಂದು ನಲವತ್ತು ಸಲ ಅಂಚು ಸವರಿ, ಬೆರಳು ಮರಗಟ್ಟಿ, ತಾನು ಅತ್ತದ್ದು ಇವಳಿಗೇನು ಗೊತ್ತು? ಎರಡು ವರ್ಷದ ಚಿಕಿತ್ಸೆಯ ಮೇಲೆ ಅದು ಮೂರು ಸಲಕ್ಕೆ ಇಳಿದಿತ್ತು. ಕೆಲವರಿಗೆ ಪೂರ್ತಿ ಹೋಗಬಹುದು, ಕೆಲವರಿಗೆ ಹತೋಟಿಯಲ್ಲಿರುತ್ತೆ, ಮತ್ತೆ ಹೆಚ್ಚಲೂಬಹುದು, ಎಂದಿದ್ದರು ಡಾಕ್ಟರು. ಇದೆಲ್ಲ ಮಾಸ್ಟರನಿಗೆ ಚೆನ್ನಾಗಿ ಗೊತ್ತಿತ್ತು.

ಹುಡುಗಿ ಅವನತ್ತ ನೋಡಿದಳು. ದಿನವೂ ಕನ್ನಡಿಯಲ್ಲಿ ಅವಳನ್ನೇ ಕದ್ದು ನೋಡುತ್ತಿದ್ದ ಮಹಾಶಯ, ಈಗ ತಲೆ ಬಗ್ಗಿಸಿ ಬಟ್ಟೆಯ ಮೇಲೆ ಸುಮ್ಮನೆ ಸೀಮೆಸುಣ್ಣ ಎಳೆಯುತ್ತಿದ್ದ. ಅಕ್ಕನ ಮೇಲಿದ್ದ ತಾತ್ಸಾರವೆಲ್ಲ ಅವನ ಮೇಲೆ ತಿರುಗಿತು. ಅವನನ್ನು ಇಸ್ತ್ರಿ ಮೇಜಿನ ಹಿಂದೆ ಕರೆದಳು.

"ನಿನಗೋಸ್ಕರನೇ ಹೇಳ್ದೆ," ಎಂದ. "ಅಕ್ಕ ಒಪ್ಪಿಬಿಡ್ಲಿ ಅಂತ."

"ನನಗೋಸ್ಕರ ಅಲ್ಲ. ನಿಮಗೆ ನಾಚಿಕೆ ಆಯ್ತು." ಅವಳ ದನಿ ಏರಲಿಲ್ಲ. "ನಾಳೆ ನಿಮ್ಮ ಮನೇಲಿ ಐದು ಸಲ ಬಾಗಿಲ ಚಿಲಕ ನೋಡ್ಬೇಕು ಅನ್ಸಿದ್ರೆ, ನಾನು ಕಳ್ಳಿ ಥರ ನೋಡ್ಬೇಕಾ? ಪೂರ್ತಿ ವಾಸಿಯಾದವಳೇ ಬೇಕಿದ್ರೆ ಬೇರೆ ಕಡೆ ಹುಡುಕ್ಕೊಳ್ಳಿ."

ಅವನ ಮುಖ ಇಳಿದುಹೋಯಿತು. ಅಯ್ಯೋ ಪಾಪ ಎನಿಸಿದರೂ ಅವಳು ಕರಗಲಿಲ್ಲ. ಪ್ರೀತಿಸಿದವನೇ ತನ್ನನ್ನು ಬಚ್ಚಿಟ್ಟರೆ ಇನ್ಯಾರ ಮುಂದೆ ತಲೆ ಎತ್ತುವುದು?

ಮಾಸ್ಟರ್ ಕೊರಳಿನ ಟೇಪು ತೆಗೆದಿಟ್ಟು ಅಕ್ಕನ ಮುಂದೆ ಹೋಗಿ ನಿಂತ.

"ಅಕ್ಕಾ, ನಾನು ಸುಳ್ಳು ಹೇಳ್ದೆ. ಪೂರ್ತಿ ವಾಸಿ ಆಗಿಲ್ಲ, ಆಗದೇನೂ ಇರಬಹುದು. ನಾನು ಮದುವೆ ಆಗೋದು ಇವಳನ್ನೇ."

ತಲೆ ಕೆಟ್ಟಿದೆಯಾ ಎಂದಳು ಅಕ್ಕ. ಗ್ಯಾರಂಟಿ ಇಲ್ಲದ್ದನ್ನು ಯಾರಾದರೂ ಮನೆಗೆ ತರುತ್ತಾರೆಯೇ ಎಂದಳು. ಬ್ಯಾಗು ಎತ್ತಿಕೊಂಡು ದಡದಡ ಹೊರಟುಹೋದಳು.

"ಇನ್ನೂ ಕೋಪನಾ?" ಎಂದ ಅವನು ಹುಡುಗಿಯತ್ತ ತಿರುಗಿ, ಮೆಲ್ಲಗೆ.

"ಇದೆ. ಇನ್ನೆರಡು ದಿನ ಇರುತ್ತೆ. ಆಮೇಲೆ ಬಂದು ನಮ್ಮಮ್ಮನ್ನ ಕೇಳಿ."

ಮಾಸ್ಟರ್ ಎರಡು ದಿನ ಕಾಯಲಿಲ್ಲ. ಅವತ್ತು ಸಂಜೆಯೇ ಅವಳ ಮನೆಗೆ ಹೋದ. ಅವಳಿಗಿನ್ನೂ ಕೋಪವಿತ್ತು, ಆದರೂ ಬಾಗಿಲು ತೆರೆದವಳು ಅವಳೇ.