ಮೊಳೆಯ ಮೇಲಿನ ಬಿಲ್ಲೆ

ಸತ್ತ ಮೀನು ಮೊದಲು ಕಂಡದ್ದು ನನಗೇ.

ಏಪ್ರಿಲ್ ತಿಂಗಳ ಮೊದಲ ಶನಿವಾರ. ಬೆಳಿಗ್ಗೆ ಆರೂವರೆ. ಎಂಟಕ್ಕೆ ಟ್ರೌಟ್ ಮೀನು ಹಿಡಿಯುವುದಕ್ಕೆ ಶುರು. ಪೆನ್ಸಿಲ್ವೇನಿಯಾದಲ್ಲಿ ಅದು ಹಬ್ಬವೇ. ನಮ್ಮ ಟ್ಯಾನರ್ ಹಳ್ಳಕ್ಕೆ ಆ ಹಬ್ಬ ಬಂದದ್ದು ಎಪ್ಪತ್ತು ವರ್ಷಗಳಲ್ಲಿ ಇದೇ ಮೊದಲು. ಒಳ್ಳೇ ಜಾಗ ಹಿಡಿಯೋಣ ಅಂತ ಗಾಳ, ಮಡಚುವ ಕುರ್ಚಿ, ಕಾಫಿ ಹೊತ್ತು ಹೋದೆ. ನೀರಿನ ಅಂಚಿನಲ್ಲಿ ಟ್ರೌಟ್‌ಗಳು ಹೊಟ್ಟೆ ಮೇಲೆ ಮಾಡಿ ಬಿದ್ದಿದ್ದವು. ಗುರುವಾರ ತಂದು ಬಿಟ್ಟದ್ದು ಮುನ್ನೂರು. ಈಜುತ್ತಿದ್ದದ್ದು ಒಂದೂ ಕಾಣಲಿಲ್ಲ.

ನಾನು ಕ್ಷೌರಿಕ. ನಲವತ್ತು ವರ್ಷ ಕತ್ತರಿ ಆಡಿಸುತ್ತಾ ಊರಿನ ಮಾತೆಲ್ಲ ಕೇಳಿದವನು. ಇಂಥದ್ದು ಕೇಳಿರಲಿಲ್ಲ. ನಾದಿನಿ ಡೊರೀನ್‌ಗೆ ಫೋನ್ ಮಾಡಿದೆ.

"ಏನನ್ನೂ ಮುಟ್ಟಬೇಡಿ ಭಾವ. ನೀರಿಗೆ ಕಾಲೂ ಇಡಬೇಡಿ. ಬಂದೆ."

ಡೊರೀನ್ ಪೆಟ್ರಿಸ್ಕೊ ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದವಳು. ಮುಂದಿನ ಕನ್ನಡಿಯಲ್ಲೇ ಹಿಂದಿನ ಸೀಟಿನ ಕಿತಾಪತಿ ಹಿಡಿಯುವ ಕಣ್ಣು. ಈಗ ಹಳ್ಳದ ಸಂಘಕ್ಕಾಗಿ ವಾರಕ್ಕೊಮ್ಮೆ ನೀರಿನ ಹುಳಿ ಅಳೆಯುತ್ತಾಳೆ.

ಹುಳಿ ಎಲ್ಲಿಂದ? ಗುಡ್ಡದ ಹೊಟ್ಟೆಯಿಂದ. ಅಲ್ಲೊಂದು ಪಾಳುಬಿದ್ದ ಕಲ್ಲಿದ್ದಲ ಗಣಿ. ಅದರ ಹುಳಿನೀರು ಹಗಲೂ ರಾತ್ರಿ ಸುರಿಯುತ್ತದೆ. ಅದನ್ನು ಸುಣ್ಣಕಲ್ಲು ತುಂಬಿದ ಕೊಳಕ್ಕೆ ಹಾಯಿಸಿ ಹುಳಿ ಮುರಿಯುತ್ತೇವೆ. ಎರಡನೇ ಕೊಳದಲ್ಲಿ ಕಬ್ಬಿಣದ ಕಿತ್ತಳೆ ರಾಡಿ ತಳಕ್ಕಿಳಿಯುತ್ತದೆ. ಆಮೇಲೆ ನೀರು ಹಳ್ಳಕ್ಕೆ. ಕೊಳ ತೊಳೆಯುವಾಗ ಗಣಿ ನೀರನ್ನು ನೇರವಾಗಿ ಹಳ್ಳಕ್ಕೆ ಬಿಡಲು ಒಂದು ಅಡ್ಡಕೊಳವೆ ಇದೆ. ಅದರ ವಾಲ್ವ್ ಪುಟ್ಟ ಶೆಡ್ಡಿನೊಳಗೆ. ಶೆಡ್ಡಿನ ಬೀಗದ ಕೈ ಸೂರಿನಡಿ ಸಿಕ್ಕಿಸಿರುತ್ತದೆ ಅಂತ ಊರಿಗೇ ಗೊತ್ತು.

* * *

ಏಳೂವರೆಗೆ ಹಳ್ಳದ ದಂಡೆಯಲ್ಲಿ ಜಾತ್ರೆ. ಕೈಯಲ್ಲೆಲ್ಲ ಗಾಳ. ಮುಖದಲ್ಲೆಲ್ಲ ಸಾವಿನ ಮನೆ.

"ಕಲ್ಲಿನ ಮೇಲೆ ಬಿಳೀ ಹಿಟ್ಟು ನೋಡ್ರೋ!" ಯಾರೋ ಕೂಗಿದರು. "ಸೋಪು! ಕೊಪ್ಕೊನ ಕಾರ್ ತೊಳೆಯೋ ಅಂಗಡಿದು!"

ವೇಯ್ನ್ ಕೊಪ್ಕೊ ಅಲ್ಲೇ ಇದ್ದ. "ನನ್ನ ಹೊಟ್ಟೆ ಉರೀತಿದೆ, ನೀವು ಬೇರೆ! ಐದು ಗಂಟೆಗೇ ಎದ್ದು ಎರೆಹುಳ ಅಗೆದು ತಂದಿದೀನಿ ಕಣ್ರೋ. ಮೀನು ಸಾಯಿಸೋನು ಹುಳ ಯಾಕೆ ತರ್ತಾನೆ?"

ಡೊರೀನ್ ದಂಡೆಯುದ್ದಕ್ಕೂ ಮೇಲಕ್ಕೆ ನಡೆದಳು. ಹತ್ತು ನಿಮಿಷಕ್ಕೆ ವಾಪಸ್.

"ವೇಯ್ನ್‌ನ ಚರಂಡಿ ಸೇರೋದು ಸೇತುವೆ ಹತ್ರ. ಮೀನು ಸತ್ತಿರೋದು ಅದಕ್ಕಿಂತ ಇನ್ನೂರು ಗಜ ಮೇಲಿಂದ. ಸೋಪು ಗುಡ್ಡ ಹತ್ತುತ್ತಾ?"

"ಮೇಲೆ ಎಲ್ಲಿಂದ?" ನಾನು ಕೇಳಿದೆ.

"ಅಡ್ಡಕೊಳವೆ ಬಾಯಿಂದ. ಅದಕ್ಕಿಂತ ಮೇಲೆ ಒಂದೂ ಇಲ್ಲ."

"ಗಣಿ ನೀರಾ? ಹೇಗಾಗುತ್ತೆ?" ಅಂದ ಕೊಪ್ಕೊ. "ಗಣಿ ನೀರಾಗಿದ್ರೆ ಕಿತ್ತಳೆ ಬಣ್ಣ ಇರ್ಬೇಕಲ್ವಾ? ನಿನ್ನೆ ನೀರು ಗಾಜಿನ ಹಾಗಿತ್ತು! ತಳದ ಕಲ್ಲು ಎಣಿಸಬಹುದಿತ್ತು!"

ಎಲ್ಲರೂ ತಲೆಯಾಡಿಸಿದೆವು. ನಾವು ಹುಟ್ಟಿದಾಗಿನಿಂದ ಕಿತ್ತಳೆ ಹಳ್ಳ ನೋಡಿದವರು. ನಮಗೆ ಕಿತ್ತಳೆ ಅಂದರೆ ಕಾಯಿಲೆ, ತಿಳಿ ಅಂದರೆ ಆರೋಗ್ಯ. ತಿಳಿನೀರಲ್ಲಿ ಮೀನು ಸಾಯುವುದೆಂದರೇನು?

"ಶೆಡ್ ಒಂದ್ಸಲ ನೋಡೋಣ," ಅಂದ ಕ್ಲೇಟನ್ ಟ್ರಿಹಾರ್ನ್. ಮನೆ, ಜಾಗ ಮಾರಿಸುವ ದಲ್ಲಾಳಿ. ಎರಡು ವರ್ಷದಿಂದ ಸಂಘದ ಅಧ್ಯಕ್ಷ. ಮೀನು ಹಿಡಿಯಲಿಕ್ಕೂ ಇಸ್ತ್ರಿ ಮಾಡಿದ ಶರ್ಟೇ.

* * *

ಶೆಡ್ಡಿನಲ್ಲಿ ವಾಲ್ವ್ ಬಿಗಿಯಾಗಿ ಮುಚ್ಚಿತ್ತು. ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಹಿತ್ತಾಳೆ ಬಿಲ್ಲೆ ತೂಗುತ್ತಿತ್ತು. ನಂಬರು 214. ಫಳಫಳ ಹೊಳೆಯುತ್ತಿತ್ತು.

ಎಲ್ಲರೂ ಹಿಂದೆ ನಿಂತಿದ್ದ ಅಜ್ಜನತ್ತ ತಿರುಗಿದರು. ಅದು ಸ್ಟೀವ್ ಹುಡಾಕ್ ಅಜ್ಜನ ನಂಬರು. ಎಂಬತ್ತೆರಡು ವರ್ಷ. ಇದೇ ಗಣಿಗೆ ಇಪ್ಪತ್ತು ವರ್ಷ ಇಳಿದವರು. ಈಗ ಶೆಡ್ಡಿನ ಉಸ್ತುವಾರಿ ಅವರದೇ. ಆಗ ಗಣಿಗಿಳಿಯುವ ಮುಂಚೆ ಬಿಲ್ಲೆ ತೂಗುಹಾಕುವ ಪದ್ಧತಿಯಿತ್ತು. ಅಜ್ಜ ಈ ಶೆಡ್ಡಿಗೆ ಕಾಲಿಡುವಾಗಲೂ ಅದನ್ನು ಬಿಟ್ಟವರಲ್ಲ. ನಾವೆಲ್ಲ ನಗುತ್ತಿದ್ದೆವು.

"ಅಜ್ಜ," ಕ್ಲೇಟನ್ ದನಿ ಮೆತ್ತಗಿತ್ತು, "ನಿನ್ನೆ ವಾಲ್ವ್ ತಿರುಗಿಸಿದ್ರಾ?"

"ನಾನು ನಿನ್ನೆ ಬಂದೇ ಇಲ್ಲ... ಅನ್ಸುತ್ತೆ."

"ಅನ್ಸುತ್ತೆ?"

ಅಜ್ಜ ಬಿಲ್ಲೆಯನ್ನೇ ನೋಡುತ್ತಿದ್ದರು. "ಮೊನ್ನೆ ಒಲೆ ಆರಿಸೋದು ಮರೆತಿದ್ದೆ. ತಿರುಗಿಸಿರಬಹುದೇನೋಪ್ಪ. ನನಗೇ ಗೊತ್ತಾಗ್ತಿಲ್ಲ."

"ಯಾರೂ ನಿಮ್ಮನ್ನ ಬೈಯಲ್ಲ. ಆದ್ರೆ ಇನ್ನು ಶೆಡ್ ಕಡೆ ಬರೋದು ಬೇಡ. ಹನ್ನೊಂದಕ್ಕೆ ಮೀನು ಇಲಾಖೆ ಅಧಿಕಾರಿ ಬರ್ತಾರೆ, ಮರೆವು ಅಂತ ಬರೆಸಿಬಿಡೋಣ."

ಮೀನಿಗಿಂತ ಆ ಮುಖ ನೋಡಲಾಗಲಿಲ್ಲ. ಆ ಮನುಷ್ಯನಿಗೆ ತನ್ನ ತಲೆಯ ಮೇಲೇ ನಂಬಿಕೆ ಹೋಗಿತ್ತು. ಇಲಾಖೆಯ ಕಾಗದದಲ್ಲೂ ಹಾಗೇ ಬರೆದರೆ ಅದು ಮತ್ತೆ ಬರುವುದೂ ಇಲ್ಲ.

* * *

ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ಹಬ್ಬದ ಪ್ಯಾನ್‌ಕೇಕ್ ಮಾಡಿಟ್ಟಿದ್ದರು. ತಿನ್ನುವವರಿಲ್ಲ. ಗೋಡೆ ಬದಿಗೆ ಗಾಜಿನ ಪೆಟ್ಟಿಗೆ, ಒಳಗೆ ಗಣಿಯ ಹಳೇ ಸಾಮಾನಿನ ಪ್ರದರ್ಶನ. ಮೇಜಿನ ಮೇಲೆ ಇವತ್ತಿನ ಪೇಪರು. ಮೊದಲ ಪುಟದಲ್ಲಿ ಕ್ಲೇಟನ್, ಕಾಲ ಬಳಿ ಗಾಜಿನಂಥ ನೀರು.

ಡೊರೀನ್ ಫೋಟೊದಿಂದ ಕಣ್ಣು ಕೀಳಲಿಲ್ಲ.

"ಭಾವ, ಬುಧವಾರ ಮಳೆ ಹೊಡೀತಲ್ಲ. ಗುರುವಾರ ನೀರು ಹೇಗಿತ್ತು?"

"ಟೀ ಹಾಗೆ. ಕೊಳದ ರಾಡಿ ಕದಡಿತ್ತಲ್ಲ. ಕ್ಲೇಟನ್ ನನ್ನ ಅಂಗಡಿ ಕುರ್ಚಿಯಲ್ಲಿ ಕೂತು ಗೋಳಾಡಿದ. ನಾಳೆ ಫೋಟೊ, ಹೀಗಿದ್ರೆ ಮರ್ಯಾದೆ ಹೋಗುತ್ತೆ ಅಂತ."

"ಶುಕ್ರವಾರ?"

"ಗಾಜು."

"ಇವತ್ತು?"

ಯೋಚಿಸಿದೆ. "ಮತ್ತೆ ಟೀ."

ಡೊರೀನ್ ಪೇಪರು ಮಡಚಿದಳು. ಎದ್ದು ಗಾಜಿನ ಪೆಟ್ಟಿಗೆ ಹತ್ತಿರ ಹೋದಳು. ಒಳಗಿನ ಒಂದೊಂದು ಸಾಮಾನನ್ನೂ ನೋಡಿದಳು. ನನಗೆ ಒಂದಕ್ಷರ ಅರ್ಥವಾಗಲಿಲ್ಲ.

* * *

ಹನ್ನೊಂದಕ್ಕೆ ಅಧಿಕಾರಿ ಹಾಲ್‌ಗೇ ಬಂದರು. ಕ್ಲೇಟನ್ ಬಾಯಿ ತೆರೆಯುವ ಮುಂಚೆ ಡೊರೀನ್ ಎದ್ದಳು.

"ಹುಡಾಕ್ ಅಜ್ಜ, ನಿಮ್ಮ ಬಿಲ್ಲೆ ತೋರಿಸಿ."

"ಅದು ಮೊಳೇಲೇ ಇತ್ತಲ್ಲಮ್ಮ."

"ಸೊಂಟ ನೋಡ್ಕೊಳ್ಳಿ."

ಅಜ್ಜ ತಡಕಿದರು. ಬೆಲ್ಟಿನ ಸರಪಳಿಯಿಂದ ಒಂದು ಬಿಲ್ಲೆ ಹೊರಬಂತು. 214. ಕಪ್ಪಗೆ, ಸವೆದು.

"ಅರೆ! ಇದು ಇಲ್ಲೇ ಇದೆ!"

"ಗಣಿಯಲ್ಲಿ ಒಬ್ಬರಿಗೆ ಎಷ್ಟು ಬಿಲ್ಲೆ ಕೊಡ್ತಿದ್ರು?"

"ಎರಡು. ಒಂದು ಗಣಿ ಬಾಯಿಯ ಹಲಗೆಗೆ, ಒಂದು ಸೊಂಟಕ್ಕೆ. ಇನ್ನೊಂದನ್ನ ಗುರುವಾರ ಸಂಜೆ ಪ್ರದರ್ಶನಕ್ಕೆ ಕೊಟ್ಟೆ..." ಅಜ್ಜ ತಲೆಯೆತ್ತಿ ನೋಡಿದರು. "ಕ್ಲೇಟನ್ ಕೈಗೆ."

ಡೊರೀನ್ ಪೆಟ್ಟಿಗೆಯತ್ತ ಕೈ ತೋರಿಸಿದಳು. ಒಳಗೆ ಬಿಲ್ಲೆಗಳ ಸಾಲು, ಎಲ್ಲ ಫಳಫಳ. 214 ಎಂಬ ಚೀಟಿಯ ಮೇಲೆ ಮಾತ್ರ ಖಾಲಿ ಕೊಕ್ಕೆ. "ಎಲ್ಲಾನೂ ನಾನೇ ಕೂತು ಪಾಲಿಶ್ ಹಾಕಿದೆ ಅಂತ ಹೇಳ್ಕೊಂಡಿದ್ದೆಯಲ್ಲ, ಕ್ಲೇಟನ್? ಪೆಟ್ಟಿಗೆ ಬೀಗದ ಕೈ ಇರೋದೂ ನಿನ್ನೊಬ್ಬನ ಹತ್ರಾನೇ."

"ಬಿಲ್ಲೆ ಹಾಗಿರ್ಲಿ," ನಾನು ತಡೆಯಲಾರದೆ ಕೇಳಿದೆ, "ನೀರು ತಿಳಿಯಾಗಿತ್ತಲ್ಲ?"

"ಅದೇ ಭಾವ, ನಾವೆಲ್ಲ ಮೋಸ ಹೋದದ್ದು. ಗುಡ್ಡದಿಂದ ಬರೋ ಹುಳಿನೀರು ತಿಳಿಯಾಗೇ ಇರುತ್ತೆ. ಕಬ್ಬಿಣ ಅದರಲ್ಲಿ ಕರಗಿರುತ್ತೆ. ಹುಳಿ ಮುರಿದ ಮೇಲೇ ಕಿತ್ತಳೆ ಹೊರಗೆ ಬೀಳೋದು. ನಾವು ನೋಡಿದ ಹಳೇ ಕಿತ್ತಳೆ ವರ್ಷಗಟ್ಟಲೆ ಕಲ್ಲಿಗೆ ಕಟ್ಟಿದ್ದು. ಕಲ್ಲಿನ ಮೇಲಿನ ಬಿಳೀ ಹಿಟ್ಟೂ ಸೋಪಲ್ಲ, ಹುಳಿನೀರು ಒಳ್ಳೇ ನೀರಿಗೆ ಬೆರೆತಾಗ ಕಟ್ಟೋ ಅಲ್ಯೂಮಿನಿಯಂ. ಕದಡಿದ ಕೊಳ ತಿಳಿಯಾಗೋಕೆ ಮೂರು ದಿನ ಬೇಕು. ಒಂದೇ ರಾತ್ರೀಲಿ ಗಾಜಾಯ್ತು, ಮಾರನೇ ದಿನ ಮತ್ತೆ ಟೀ ಆಯ್ತು. ಅಂದ್ರೆ ಶುಕ್ರವಾರ ಒಂದು ದಿನ ಅಡ್ಡಕೊಳವೆ ತೆರೆದಿತ್ತು, ಗಣಿ ನೀರು ಕೊಳ ತಪ್ಪಿಸಿ ನೇರ ಹಳ್ಳಕ್ಕೆ ಬಿತ್ತು. ಆ ದಿನ ತಿಳಿನೀರು ಯಾರಿಗೆ ಬೇಕಿತ್ತು?"

ಪೇಪರನ್ನು ಮೇಜಿನ ಮೇಲೆ ಹರಡಿದಳು.

ಕ್ಲೇಟನ್ ಪೇಪರು ಮಗುಚಿಟ್ಟ. "ಹೋದ ವರ್ಷ ಕೊಳ ತೊಳೆದಾಗ ಅಡ್ಡಕೊಳವೆ ಬಿಟ್ಟಿದ್ವಲ್ಲ. ಹಳ್ಳ ಎಷ್ಟು ಚೆನ್ನಾಗಿ ಕಂಡಿತ್ತು! ಆಗ ಮೀನು ಇರ್ಲಿಲ್ಲ. ಫೋಟೊ ಆಗೋವರೆಗೆ ಅಂತ ಬಿಟ್ಟೆ. ಊಟ, ಭಾಷಣ, ಮರೆತೇಹೋಯ್ತು. ಸಂಜೆ ಬಂದು ನೋಡಿದ್ರೆ... ಬೇಕಂತ ಸಾಯಿಸಿಲ್ಲ, ಡೊರೀನ್."

"ಮೀನು ಬೇಕಂತ ಸಾಯಿಸಿಲ್ಲ. ಬಿಲ್ಲೆ ಬೇಕಂತಲೇ ಹಾಕಿದೆ."

ಅಧಿಕಾರಿ ಪುಸ್ತಕ ತೆರೆದು ಕ್ಲೇಟನ್ ಹೆಸರಿನ ಕಾಗುಣಿತ ಕೇಳಿದರು.

"ನೀನು ಗಣಿಗೆ ಇಳಿದವನಲ್ಲ, ಅದಕ್ಕೇ," ಹುಡಾಕ್ ಅಜ್ಜ ಅವನಿಗೆ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಪಾಠ ಹೇಳುವ ಹಾಗಿತ್ತು. "ಬಿಲ್ಲೆ ಮೊಳೇಲಿದ್ರೆ ಆಳು ಇನ್ನೂ ಒಳಗೇ ಇದ್ದಾನೆ ಅಂತ. ಬಿಟ್ಟು ಮನೆಗೆ ಹೋದ್ರೆ ಇಡೀ ಪಾಳಿಯೋರು ನಮ್ಮನ್ನ ಹುಡುಕ್ತಾ ಪ್ರಾಣ ಕೊಡ್ತಿದ್ರು. ಒಲೆ ಮರೀತೀನಿ ಮಗಾ. ಅದನ್ನ ಮರೆಯಲ್ಲ."

* * *

ಮಧ್ಯಾಹ್ನ ಅಜ್ಜನ ಜೊತೆ ನಾನೇ ಶೆಡ್ಡಿಗೆ ಹೋದೆ. ಹಳ್ಳ ಇನ್ನೂ ಟೀ ಬಣ್ಣ. ಮೊದಲ ಸಲ ಆ ಬಣ್ಣ ನೋಡಿ ನನಗೆ ಸಮಾಧಾನವಾಯಿತು.

ಅಜ್ಜ ಕಪ್ಪು ಬಿಲ್ಲೆಯನ್ನು ಮೊಳೆಗೆ ಹಾಕಿದರು. ಒಳಗೆ ಹೋದರು. ವಾಲ್ವಿನ ಮೇಲೆ ಕೈಯಾಡಿಸಿದರು, ಬೋಲ್ಟು ಬಿಗಿ ನೋಡಿದರು. ಹೊರಗೆ ಬಂದು ಬಿಲ್ಲೆ ತೆಗೆದರು. ಸೊಂಟಕ್ಕೆ ಸಿಕ್ಕಿಸುವ ಮುಂಚೆ ನನ್ನ ಕಣ್ಣೆದುರು ಹಿಡಿದರು.

"ನೋಡ್ಕೊಂಡ್ಯಾ? ನಾನು ಹೊರಗಿದೀನಿ."