ನೀಲಿ ಸೀಮೆಸುಣ್ಣದ ಬೆರಳು

"ಕೈ ಮೇಲೆತ್ತಿ."

ತಲೆ ಎತ್ತದೆ ಹೇಳಿದ ಅವನು. ಬನ್ನಿ ಅನ್ನಲಿಲ್ಲ, ಕೂತ್ಕೊಳ್ಳಿ ಅನ್ನಲಿಲ್ಲ. ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ, ಮೇಜಿನ ಮೇಲಿದ್ದ ಕಾಗದದಲ್ಲಿ ಏನೋ ಗೀಚುತ್ತಲೇ ಇದ್ದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು!

"ಎತ್ತೋಕಾಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ? ನಿಮ್ಮ ಮುಖ ನೋಡೋಕಾ?"

ಆಗ ತಲೆ ಎತ್ತಿದ. ಅವಳ ಕಣ್ಣು ಮಾತ್ರ ಅವನ ಮುಖಕ್ಕೆ ಹೋಗಲಿಲ್ಲ. ಬಿಳಿ ಕೋಟಿನ ಮೂರನೆಯ ಗುಂಡಿಯ ಮೇಲೆ ಹೋಗಿ ನಿಂತಿತು. ಇವತ್ತೋ ನಾಳೆಯೋ ಕಿತ್ತು ಹಾರುವ ಹಾಗಿತ್ತು ಆ ಗುಂಡಿ. ಅದರ ಹಿಂದೆ ದುಂಡಗಿನ ಹೊಟ್ಟೆ.

"ವ್ಯಾಯಾಮ ಹೇಳಿಕೊಡೋ ಮೇಷ್ಟ್ರು ನೀವೇನಾ?"

"ಹೌದು."

"ಆ ಹೊಟ್ಟೆ ಇಟ್ಕೊಂಡು?"

ಬೆಂಚಿನ ಮೇಲೆ ಕೂತಿದ್ದ ಮಂಡಿನೋವಿನ ಅಜ್ಜ ಕಿಸಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದ. ಮೇಷ್ಟ್ರು ನಗಲಿಲ್ಲ, ಸಿಡುಕಲೂ ಇಲ್ಲ.

"ಹೊಟ್ಟೆ ನಂದು, ಕೈ ನಿಮ್ದು. ಇವತ್ತು ಕೈ ಪಾಳಿ. ಎಷ್ಟಾಗುತ್ತೋ ಅಷ್ಟು ಎತ್ತಿ."

ಎತ್ತಿದಳು. ಸೊಂಟದಿಂದ ಒಂದು ಗೇಣು ಏರಿ ಕೈ ಅಲ್ಲೇ ನಿಂತುಬಿಟ್ಟಿತು.

ಅವಳನ್ನು ಸುತ್ತಲ ನಾಲ್ಕು ಬೀದಿಯ ಜನ ಟೈಲರಮ್ಮ ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದ ಕೈ ಅದು. ಆ ದುಡಿಮೆಯಲ್ಲೇ ತಂಗಿಯನ್ನು ಓದಿಸಿ ಮದುವೆ ಮಾಡಿದ್ದಳು, ತನ್ನ ಮದುವೆಯ ವಯಸ್ಸು ಮೀರಿದ್ದು ಅವಳಿಗೇ ತಿಳಿದಿರಲಿಲ್ಲ. ಹೋದ ವರ್ಷ ಬಲ ಎದೆಯಲ್ಲಿ ಗಡ್ಡೆ. ಡಾಕ್ಟರು ಎದೆಯನ್ನೂ ಕಂಕುಳಿನ ಗಂಟುಗಳನ್ನೂ ತೆಗೆದರು. ಕಾಯಿಲೆ ಹೋಯಿತು, ಬಾವು ಬಂತು. ಬಲಗೈ ಭುಜದಿಂದ ಬೆರಳಿನವರೆಗೆ ನೆನೆದ ಹತ್ತಿಯ ಹಾಸಿಗೆಯ ಹಾಗೆ ಭಾರವಾಯಿತು. ಕತ್ತರಿಯ ಹಿಡಿಯೊಳಗೆ ಹೆಬ್ಬೆರಳೇ ತೂರುತ್ತಿರಲಿಲ್ಲ.

ಆ ಕೈ ಹೋದರೆ ಅಂಗಡಿ ಹೋಯಿತು. ಅಂಗಡಿ ಹೋದರೆ ಅವಳು ಯಾರು? ಯಾರದೋ ಮನೆಯ ಮೂಲೆಯಲ್ಲಿ ಕೂತ ರೋಗಿಷ್ಟೆ!

ಆಮೇಲೆ ಮರುಕದ ಮಂದಿ. ಅಬ್ಬಬ್ಬಾ, ಎಂಥ ಮಂದಿ! ಬಂದವರೆಲ್ಲ ಡಾಕ್ಟರೇ. ಒಬ್ಬಳು ಸೊಪ್ಪಿನ ರಸ ಕುಡಿ ಅಂದಳು. ಇನ್ನೊಬ್ಬ ಕೈಗೆ ತಾಮ್ರದ ಬಳೆ ಹಾಕು ಅಂದ. ನೂರು ಹೆಜ್ಜೆ ನಡೆದರೆ ಏದುಸಿರು ಬಿಡುವವರೆಲ್ಲ ಅವಳ ಆರೋಗ್ಯಕ್ಕೆ ಉಪದೇಶ ಕೊಟ್ಟು, ಎರಡು ಲೋಟ ಕಾಫಿ ಕುಡಿದು, "ಪಾಪ" ಅಂದು ಎದ್ದು ಹೋದರು. ತಂಗಿಯಂತೂ ಬೆಳಿಗ್ಗೆ ಬಂದು ಅಂಗಡಿಯಲ್ಲೇ ಠಿಕಾಣಿ ಹೂಡಿದಳು.

"ಅಕ್ಕಾ, ಕೈ ಆಡಿಸ್ಬೇಡ್ವೇ! ದಿಂಬಿನ ಮೇಲಿಟ್ಕೊಂಡು ಸುಮ್ನೆ ಕೂತ್ಕೊ."

ಪಾಪ! ಆ ಎರಡಕ್ಷರ ಕೇಳಿದರೆ ಅವಳಿಗೆ ಕತ್ತರಿ ಎಸೆಯುವಷ್ಟು ಸಿಟ್ಟು ಬರುತ್ತಿತ್ತು. ಎಸೆಯಲು ಕೈ ಏಳುತ್ತಿರಲಿಲ್ಲ, ಅಷ್ಟೇ.

ಮೇಷ್ಟ್ರು ಹೊಚ್ಚ ಹೊಸ ಬಟ್ಟೆ ಟೇಪು ತೆಗೆದು ಅವಳ ಮೇಲ್ತೋಳಿಗೆ ಸುತ್ತಿದ. "ಮೂವತ್ನಾಲ್ಕು ಸೆಂಟಿಮೀಟರ್" ಎಂದು ಚೀಟಿಯಲ್ಲಿ ಬರೆದ. ಆಮೇಲೆ ಕೇಳಿದ.

"ನಿಮ್ಮ ಅಂಗಡೀಲಿ ದಿನಕ್ಕೆ ಎಷ್ಟು ಚೂರುಬಟ್ಟೆ ಬೀಳುತ್ತೆ?"

"ಒಂದು ಮೂಟೆ."

"ಗುಡಿಸದಿದ್ರೆ?"

"ಕಾಲಿಡೋಕೆ ಜಾಗ ಇರಲ್ಲ. ಇದೇನು, ಕಸ ಗುಡಿಸೋ ಕೆಲಸಕ್ಕೆ ಕರೆದ್ರಾ?"

"ಮೈಯೊಳಗಿನ ಜೀವಕೋಶಗಳೂ ಹಗಲೂ ರಾತ್ರಿ ದುಡಿಯೋ ಅಂಗಡಿಗಳೇ. ಅವುಗಳ ಸುತ್ತ ನೀರು ನಿಲ್ಲುತ್ತೆ, ಕಸ ಬೀಳುತ್ತೆ. ಅದನ್ನ ಹೊತ್ತುಕೊಂಡು ಹೋಗೋದು ದುಗ್ಧರಸ, ಅದಕ್ಕೇ ಬೇರೆ ನಾಳಗಳಿವೆ. ರಕ್ತ ತಳ್ಳೋಕೆ ಹೃದಯ ಇದೆ. ಇದಕ್ಕೆ ಅಂಥ ಪಂಪು ಇಲ್ಲ. ಸ್ನಾಯು ಹಿಂಡಬೇಕು, ಉಸಿರು ಆಳಕ್ಕೆ ಎಳೀಬೇಕು, ಆಗ ಚೆನ್ನಾಗಿ ಹರಿಯುತ್ತೆ. ನಿಮ್ಮ ಕಂಕುಳ ಗಂಟು ತೆಗೆದಾಗ ದೊಡ್ಡ ದಾರಿ ಮುಚ್ಚಿಹೋಯ್ತು. ಈಗ ಸಣ್ಣ ಸಂದಿಗಳಲ್ಲಿ ಅದನ್ನ ಹರಿಸ್ಬೇಕು. ದಿಂಬು ತಪ್ಪಲ್ಲ. ಆದ್ರೆ ಬರೀ ದಿಂಬಿನ ಮೇಲಿಟ್ಟು ಕೂತ್ರೆ ಗುಡಿಸೋರು ಯಾರು? ನಿಮ್ಮ ತಂಗಿನಾ?"

"ಅಂಗಡಿ ವಿಷಯ ನನಗೆ ಹೇಳ್ಬೇಡಿ" ಎಂದು ಗದರಿದಳು.

ಆದರೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ಒಂದು ವಿಷಯ ಹೊಳೆಯಿತು. ವರ್ಷದಿಂದ ಎಲ್ಲರೂ ಪಾಪ ಅಂದಿದ್ದರು. ಕಾರಣ ಹೇಳಿದವನು ಈ ಹೊಟ್ಟೆ ಮೇಷ್ಟ್ರು ಒಬ್ಬನೇ!

ಮರುದಿನ ಅವಳಿಗೆ ಕೋಲು ಕೊಟ್ಟ. ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಬೇಕಂತೆ.

"ಕೋಲು ಹಿಡ್ಕೊಂಡು ನಿಲ್ಲೋಕೆ ನಾನೇನು ಕುರಿ ಕಾಯೋಳಾ?"

ರಬ್ಬರ್ ಪಟ್ಟಿ ಕೊಟ್ಟ. "ಥೂ, ಟೈರ್ ವಾಸನೆ!" ಎಂದು ಎಸೆದಳು.

ಅವನು ಪಟ್ಟಿಯನ್ನು ಎತ್ತಿ ಪಕ್ಕಕ್ಕಿಟ್ಟ. ಆಮೇಲೆ ಮೇಜಿನ ಖಾನೆ ಎಳೆದು, ನಿನ್ನೆ ಅವಳ ಕೈ ಅಳೆದಿದ್ದ ಟೇಪನ್ನೇ ಕೊಟ್ಟ.

"ಇದು ನಿಮ್ಮ ಕೈಗೆ ಗುರುತಿರೋ ವಸ್ತು. ಎರಡೂ ಕಡೆ ಹಿಡಿದು ಎಳೀತಾ ಮೇಲೆತ್ತಿ."

ಅವಳು ಬೈಯದೆ ಹೇಳಿದ್ದನ್ನು ಮಾಡಿದಳು. ಜೀವಮಾನದಲ್ಲಿ ಅದೇ ಮೊದಲು!

ಎರಡು ತಿಂಗಳು ಹೀಗೇ ನಡೆಯಿತು. ಅಂಗಡಿಯಿಂದ ನೇರ ಬರುವಳು, ಬೆರಳಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಪುಡಿ ಹಾಗೇ ಇರುತ್ತಿತ್ತು. ಎಲ್ಲ ಟೈಲರುಗಳೂ ಬಿಳಿಯದು ಇಟ್ಟರೆ ಇವಳದು ನೀಲಿ. ಬಂದವಳೇ ಟೇಪು ಹಿಡಿದು, ಅವನ ಕತ್ತನ್ನೇ ಹಿಡಿದ ಹಾಗೆ ಎಳೆಯುವಳು.

"ನಿಧಾನ, ಕತ್ತರಿ ಮೇಡಂ. ಉಸಿರು ಬಿಡಿ."

"ನಿಮ್ಮ ಕೋಟಿನ ಗುಂಡಿಗೆ ಹೇಳಿ ಆ ಮಾತು. ಅದಕ್ಕೇ ಉಸಿರು ಕಟ್ಟಿದೆ."

ಕೈಯನ್ನು ಒತ್ತಿ ಹಿಡಿಯುವ ಬಿಗಿ ತೋಳುಚೀಲ ಕೊಟ್ಟಾಗ ತಿರುಗಿಸಿ ಹೊಲಿಗೆ ನೋಡಿದಳು. "ಯಾವ ಕುರುಡ ಹೊಲಿದಿದ್ದು ಇದನ್ನ?" ಆದರೂ ಹಾಕಿಕೊಂಡಳು. "ಕೆಲಸ ಕೊಟ್ಟಷ್ಟೂ ಸ್ನಾಯುವಿನ ಜೀವಕೋಶ ತನ್ನೊಳಗೇ ಶಕ್ತಿಯ ಒಲೆ ಹೆಚ್ಚಿಸ್ಕೊಳ್ಳುತ್ತೆ" ಎಂದು ಅವನು ಹೇಳಿದಾಗ, "ನಿಮ್ಮೊಳಗೆ ಬರೀ ಬೂದಿ ಇರ್ಬೇಕು" ಅಂದಳು. ಅಜ್ಜ ಮಂಡಿನೋವು ವಾಸಿಯಾದ ಮೇಲೂ ಬರುತ್ತಿದ್ದ, ಇವರ ಜಗಳ ಕೇಳಲು!

ಕೈ ಭುಜದ ಮಟ್ಟಕ್ಕೆ ಏರಿತು, ಕಿವಿಯ ಮಟ್ಟಕ್ಕೆ ಏರಿತು. ಚೀಟಿಯ ಅಂಕಿ ಇಳಿಯಿತು. ಮೂವತ್ನಾಲ್ಕು, ಮೂವತ್ಮೂರು... ಮೂವತ್ತೊಂದೂವರೆ! ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ತೂರಿತು.

ಅವತ್ತು ಅವಳು ಯಾರಿಗೂ ಹೇಳದೆ ತನಗೊಂದು ನೀಲಿ ಅಂಗಿ ಕತ್ತರಿಸಿದಳು. ಬಲತೋಳಿಗೆ ಚೀಟಿಯ ಅಳತೆಯನ್ನೇ ಇಟ್ಟಳು.

'ಯಾರಿಗೆ ತೋರಿಸೋಕೆ ಇದು?' ಮನಸ್ಸು ಕೇಳಿತು.

'ಬಾಯ್ಮುಚ್ಚು' ಅಂದಳು ಮನಸ್ಸಿಗೆ.

ಹೊಲಿದು, ಇಸ್ತ್ರಿ ಮಾಡಿ, ಕನ್ನಡಿ ಮುಂದೆ ನಿಂತಳು. ಎಡಗೈ ತೂರಿತು. ಬಲಗೈ... ಮೊಣಕೈ ದಾಟಿ ಸಿಕ್ಕಿಹಾಕಿಕೊಂಡಿತು. ಎಳೆದಳು. ಹೊಲಿಗೆ ಪರ್ ಎಂದು ಬಿಟ್ಟಿತು!

ಇಪ್ಪತ್ತೆರಡು ವರ್ಷದಲ್ಲಿ ಅವಳು ಕತ್ತರಿಸಿದ ತೋಳು ಬಿಗಿಯಾಗಿದ್ದೇ ಇಲ್ಲ. ತನ್ನ ಟೇಪು ತೆಗೆದು ಮೇಲ್ತೋಳು ಅಳೆದಳು.

ಮೂವತ್ಮೂರು.

ಅವಳಿಗೆ ಬಾವಿನ ಕೈಗಿಂತ ಎದೆ ಭಾರವಾಯಿತು. 'ಸಮಾಧಾನ ಮಾಡೋಕೆ ಸುಳ್ಳು ಬರೆದನಾ? ಇವನೂ ಒಳಗೊಳಗೇ ಪಾಪ ಅಂದುಬಿಟ್ಟನಾ!'

ವ್ಯಾಯಾಮದ ಕೋಣೆ ತುಂಬ ಜನ ಇದ್ದರು. ಅವಳು ಸೀದಾ ಹೋಗಿ ಖಾನೆ ಎಳೆದು, ಅವನ ಟೇಪಿನ ಪಕ್ಕ ತನ್ನ ಟೇಪು ಹಾಸಿದಳು.

"ನೋಡಿ! ನಿಮ್ಮ ಟೇಪಿನ ನಲವತ್ತು ನನ್ನದರಲ್ಲಿ ನಲವತ್ತೆರಡು. ಎಂಥ ಮೇಷ್ಟ್ರು ರೀ ನೀವು? ಅಳೆಯೋಕೇ ಬರದೋರು, ಇಲ್ಲಾ ಸುಳ್ಳುಗಾರರು. ಯಾವುದು ಹೇಳಿ!"

ಅವನು ಬಗ್ಗಿ ನೋಡಿದ. ಟೇಪಿನ ತುದಿಯನ್ನು ಹೆಬ್ಬೆರಳಿಂದ ಮೆಲ್ಲಗೆ ಸವರಿದ. ಏನೋ ಹೇಳಲು ಬಾಯಿ ತೆರೆದು ಅವಳ ಮುಖ ನೋಡಿದ... ಮುಚ್ಚಿದ.

"ತಪ್ಪು ನಂದೇ."

"ಅಷ್ಟೇನಾ? ನಿಮ್ಮ ಅಂಕಿ ನಂಬಿ ನಾನು ಬಟ್ಟೆ ಕತ್ತರಿಸಿದೆ! ನಿಮ್ಮ ಮರುಕ ನನಗೆ ಬೇಡ. ಅದನ್ನ ಕೊಡೋ ಮಂದಿ ಮನೇಲಿ ಬೇಕಾದಷ್ಟಿದ್ದಾರೆ!"

ಆ ಟೇಪನ್ನೂ ಸುತ್ತಿ ಚೀಲಕ್ಕೆ ತುರುಕಿಕೊಂಡು ಹೊರಟಳು. ಅಜ್ಜ ಕೂಡ ನಗಲಿಲ್ಲ ಆವತ್ತು.

ಮೂರು ವಾರ ಹೋಗಲಿಲ್ಲ. ವ್ಯಾಯಾಮವನ್ನೂ ಬಿಟ್ಟಳು, ತೋಳುಚೀಲವನ್ನೂ ಬಿಸಾಕಿದಳು. ತಂಗಿಗೆ ಹಬ್ಬವೋ ಹಬ್ಬ! ದಿಂಬಿನ ಮೇಲೆ ದಿಂಬು. ಕೈಯೂ ಹಾಗೇ ಊದಿತು. ಮೂವತ್ತೈದು. ಹೆಬ್ಬೆರಳು ಮತ್ತೆ ಹೊರಗೆ. ಕತ್ತರಿಸದ ಬಟ್ಟೆ ಮೇಜಿನ ಮೇಲೆ ಗುಡ್ಡೆ ಬಿತ್ತು.

ಒಂದು ಮಧ್ಯಾಹ್ನ ಚೂರುಬಟ್ಟೆಯ ನಡುವೆ ಆ ಟೇಪು ಕೈಗೆ ಸಿಕ್ಕಿತು. ಕತ್ತರಿಸಿ ಎಸೆಯಬೇಕೆಂದು ಬಿಡಿಸಿದವಳು ಹಾಗೇ ನಿಂತಳು.

ಸೊನ್ನೆಯ ತುದಿಯಲ್ಲಿ ನೀಲಿ ಹೆಬ್ಬೆರಳ ಗುರುತು.

ಅರವತ್ತರ ಮೇಲೆ ಇನ್ನೊಂದು.

ಉಕ್ಕಿನ ಅಳತೆಪಟ್ಟಿಯ ಪಕ್ಕ ಇಟ್ಟು ನೋಡಿದಳು. ಸೊನ್ನೆಯಿಂದ ಅರವತ್ತರವರೆಗೆ ಟೇಪು ಮೂರು ಸೆಂಟಿಮೀಟರ್ ಜಗ್ಗಿತ್ತು. ಅರವತ್ತರಿಂದಾಚೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ತನ್ನ ಎರಡೂ ಹೆಬ್ಬೆರಳನ್ನು ಆ ಗುರುತುಗಳ ಮೇಲಿಟ್ಟಳು. ಅಚ್ಚಿನಲ್ಲಿ ಎರೆದ ಹಾಗೆ ಕೂತವು.

'ಅಯ್ಯೋ... ಎಳೆದು ಜಗ್ಗಿಸಿದ್ದು ನಾನೇ!'

ಒಂದು ಗೇಣಿಗಿಂತ ಮೇಲೆ ಏಳದಿದ್ದ ಕೈ ಅದು. ಟೇಪನ್ನೇ ಉದ್ದ ಮಾಡುವಷ್ಟು ಬಲ ಯಾವಾಗ ಬಂತು ಅದಕ್ಕೆ? ಬಾವು ಇಳಿದದ್ದೂ ನಿಜ, ಮೂವತ್ನಾಲ್ಕು ಮೂವತ್ಮೂರಾಗಿತ್ತು. ಒಂದೇ ಒಂದು ಸೆಂಟಿಮೀಟರ್, ಆದರೆ ಅಪ್ಪಟ ನಿಜ. ಅವನು ಆ ತುದಿ ಸವರಿದ್ದು ಕಣ್ಣ ಮುಂದೆ ಬಂತು. ಅವನಿಗೆ ಆಗಲೇ ಗೊತ್ತಾಗಿತ್ತು! ಆದರೂ ಅಷ್ಟು ಜನರ ಮುಂದೆ ಬೈಸಿಕೊಂಡು ನಿಂತಿದ್ದ.

"ಎಲ್ಲಿಗಕ್ಕಾ? ಕೈ ಆಡಿಸ್ಬೇಡ್ವೇ!" ತಂಗಿ ಹಿಂದೆ ಓಡಿ ಬಂದಳು.

"ಆ ದಿಂಬನ್ನ ನಿನ್ನ ತಲೆ ಮೇಲಿಟ್ಕೊ!"

ಕೋಣೆ ಖಾಲಿ ಇತ್ತು. ಅವನ ಕೋಟಿನ ಮೂರನೆಯ ಗುಂಡಿ ಕೊನೆಗೂ ಹೋಗಿತ್ತು, ಅಲ್ಲೊಂದು ಪಿನ್ನು. ಟೇಪನ್ನು ಅವನ ಮುಂದೆ ಎಸೆದಳು.

"ಯಾಕೆ ಹೇಳಲಿಲ್ಲ? ನೀಲಿ ಬೆರಳು ಯಾರದು ಅಂತ ಗೊತ್ತಿತ್ತಲ್ಲ?"

"ಅಳೆಯೋ ವಸ್ತುನ ಎಳೆಯೋಕೆ ಕೊಟ್ಟ ದಡ್ಡ ನಾನು. ನಿಮ್ಮ ಬೆರಳು ತೋರಿಸಿ ತಪ್ಪಿಸ್ಕೊಳ್ಳೋದಾ?"

"ಉಳಿದವರ ಅಳತೆಯೆಲ್ಲ ಕೆಟ್ಟಿರ್ಬೇಕಲ್ಲ?"

"ಇಲ್ಲ. ಅವರಿಗೆ ಗೋಡೆ ಮೇಲಿನ ಟೇಪು." ಅವನು ನೆಲ ನೋಡಿದ. "ಇದು... ಖಾನೇಲಿ ನಿಮಗೊಬ್ಬರಿಗೇ ಅಂತ ಇಟ್ಟಿದ್ದು. ಅಷ್ಟು ಜನರ ಮುಂದೆ ಅದನ್ನ ಹೇಗೆ ಹೇಳ್ಲಿ?"

ಎಸೆದ ಟೇಪನ್ನು ಅವಳೇ ಎತ್ತಿ ಸುತ್ತಿಟ್ಟಳು.

"ಮೂರು ವಾರ ಸತ್ತು ಹೋಗಿದ್ರಾ? ಬಂದು ಕರೀಬಾರದಿತ್ತಾ?"

"ಎರಡು ಸಲ ಬಂದೆ. 'ಅಕ್ಕಂಗೆ ವಿಶ್ರಾಂತಿ' ಅಂತ ನಿಮ್ಮ ತಂಗಿ ಬಾಗಿಲಲ್ಲೇ ತಡೆದ್ರು."

'ಈ ತಂಗಿ...!' ಹಲ್ಲು ಕಡಿದಳು. ಆಮೇಲೆ ಅವನ ಕಣ್ಣಲ್ಲಿ ಕಣ್ಣಿಟ್ಟು, ಯಾರಿಗೂ ಹೇಳದ ಮಾತನ್ನು ಒರಟಾಗಿ ಹೇಳಿಬಿಟ್ಟಳು.

"ನನಗೆ ಎದೆ ಒಂದು ಕಡೆ ಇಲ್ಲ. ಗೊತ್ತಲ್ಲ?"

"ಮೊದಲ ದಿನವೇ ಓದಿದೀನಿ."

"ಆಮೇಲೆ?"

"ಆಮೇಲೇನು? ನನಗೆ ಹೊಟ್ಟೆ ಇಬ್ಬರಿಗಾಗುವಷ್ಟಿದೆ. ಅಲ್ಲಿಗಲ್ಲಿಗೆ ಸರಿಹೋಯ್ತು."

ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ಆ ಕಣ್ಣೀರಿಗೂ ಒಂದು ಬೈಗುಳ ಬೈದು, ಚೀಲದಿಂದ ತನ್ನ ಟೇಪು ತೆಗೆದಳು.

"ಆ ಪಿನ್ನು ನೋಡೋಕಾಗಲ್ಲ. ಹೊಸ ಕೋಟು ಹೊಲೀತೀನಿ. ನೆಟ್ಟಗೆ ನಿಂತ್ಕೊಳ್ಳಿ."

"ಮೊದಲು ಕೈ ಅಳೀಬೇಕು. ಬಾವು ಜಾಸ್ತಿಯಾಗಿದೆ..."

"ನಾಳೆಯಿಂದ ದಿನಾ ಬರ್ತೀನಿ, ಅಳೀರಂತೆ. ಇವತ್ತು ಹೊಟ್ಟೆ ಪಾಳಿ."

ಬಲಗೈ ಎತ್ತಿದಳು. ಭಾರವಿತ್ತು. ಆದರೂ ನಿಧಾನವಾಗಿ, ಉಸಿರು ಬಿಡುತ್ತಾ ಎತ್ತಿದಳು. ಟೇಪು ಅವನ ಬೆನ್ನ ಹಿಂದಿನಿಂದ ಸುತ್ತಿ ಬಂತು.

"ಹೊಟ್ಟೆ ಒಳಗೆ ಎಳ್ಕೋಬೇಡಿ!"

"ಎಳ್ಕೊಂಡಿಲ್ಲ."

"ಸುಳ್ಳು ಅಳತೆಗೆ ನಾನು ಇನ್ನೊಂದು ಸಲ ಬಟ್ಟೆ ಕತ್ತರಿಸಲ್ಲ. ಬಿಡಿ ಉಸಿರು."

ಬಿಟ್ಟ. ಟೇಪು ಅವಳ ಬೆರಳಿಂದ ಜಾರಿ ನೆಲಕ್ಕೆ ಬಿತ್ತು. ಕೈ ಮಾತ್ರ ಹಾಗೇ ಅವನ ಬೆನ್ನ ಮೇಲೆ ನಿಂತಿತು.

"ಕೈ ನೋಯುತ್ತಾ?" ಮೆಲ್ಲಗೆ ಕೇಳಿದ.

"ನೋಯುತ್ತೆ."

"ಇಳಿಸಿ ಮತ್ತೆ..."

"ಸುಮ್ನೆ ನಿಂತ್ಕೊಳ್ಳಿ ರೀ" ಅಂದಳು ಅವನ ಭುಜಕ್ಕೆ ಮುಖ ಒತ್ತಿ. "ವ್ಯಾಯಾಮ ಮಾಡ್ತಿದೀನಿ."